ದ್ಯಾಂಪುರದ ಕಾವ್ಯಾನಂದರು
ಯಲಬುರ್ಗಾ ಬಸ್ಸಿನಲ್ಲಿ ಕೂತವರನ್ನು ಕೇಳಿ ನೋಡ್ರಿ. ಅಜ್ಜನ ಕೋಲನ್ನೇ ಕುದುರೆ ಮಾಡಿಕೊಂಡ ಹುಡುಗನ ಪದ್ಯ ಅನೇಕರಿಗೆ ಬಾಯಿಪಾಠ. ಬರೆದವರು ಯಾರು ಅಂದರೆ ಮುಖ ಮುಖ ನೋಡ್ತಾರೆ. ಬರೆದವರು ಇದೇ ಸೀಮೆಯ ಸಿದ್ಧಯ್ಯ ಪುರಾಣಿಕರು.

1918ರಲ್ಲಿ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ದ್ಯಾಂಪುರದಲ್ಲಿ ಹುಟ್ಟಿದರು. ಆಗ ನಿಜಾಮರ ಆಡಳಿತ. ಕಚೇರಿಯಲ್ಲಿ ಉರ್ದು, ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಪಾಠ ಉರ್ದುವಿನಲ್ಲೇ. ಅಲ್ಲೇ ಓದಿ, ನಿಜಾಮ ಸರಕಾರದ ನೌಕರಿ ಹಿಡಿದು, ಮುಂದೆ ಐ.ಎ.ಎಸ್. ಅಧಿಕಾರಿಯಾದರು. ಫೈಲುಗಳ ನಡುವೆಯೂ ಕನ್ನಡ ಬಿಡಲಿಲ್ಲ; ‘ಕಾವ್ಯಾನಂದ’ ಹೆಸರಿನಲ್ಲಿ ಕವಿತೆ ಬರೆದರು. ಶರಣರ ದಾರಿಯಲ್ಲಿ ಬರೆದ ಹೊಸ ವಚನಗಳು ‘ವಚನೋದ್ಯಾನ’ದಲ್ಲಿವೆ. 1987ರ ಗುಲ್ಬರ್ಗಾ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತೀರಿಕೊಂಡದ್ದು 1994ರಲ್ಲಿ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ನೋಡಲು ಅವರಿರಲಿಲ್ಲ.

ಕವಿಯ ಸಮಗ್ರ ಸಂಪುಟ ಅಂದಾಗ ಪಂಡಿತರು ಮಕ್ಕಳ ಪದ್ಯಗಳನ್ನು ಕೊನೆಯ ಹಾಳೆಗಳಿಗೆ ತಳ್ಳುವುದುಂಟು. ಪುರಾಣಿಕರ ವಿಷಯದಲ್ಲಿ ಹಾಗಾಗಬಾರದು. ‘ತುಪ್ಪಾ ರೊಟ್ಟಿ ಗೇ ಗೇ ಗೇ’ ಮೊದಲಲ್ಲೇ ಬರಲಿ. ಅಂಥ ಸಂಪುಟ ಕುಷ್ಟಗಿ, ಗಂಗಾವತಿ ವಾಚನಾಲಯಗಳಲ್ಲಿ ಹುಡುಗರ ಕೈಗೆಟಕುವ ಹಲಗೆ ಮೇಲಿರಲಿ. ಬೀಗ ಹಾಕಿದ ಕಪಾಟಿನಲ್ಲಿಟ್ಟರೆ ಓದೋರು ಯಾರು?