ಕಡಂದಲೆಯ ಕೃಷ್ಣರಾಯರು

ಹಗಲನ್ನು ಮನುಷ್ಯನು ಎಲ್ಲಿ ಬೇಕಾದರೂ ಕಳೆಯಬಲ್ಲನು. ಪರವೂರಿನಲ್ಲಿ ಅವನನ್ನು ಕಾಡುವುದು ರಾತ್ರಿ. ಹೋದ ಕೆಲಸ ಮುಗಿದು, ಊರಿಗೆ ಮರಳುವ ಬಂಡಿ ತಪ್ಪಿ, ಕಿಸೆಯಲ್ಲಿ ನಾಲ್ಕು ಕಾಸು ಮಾತ್ರ ಉಳಿದಾಗ, ಮೈಚಾಚಲು ಶುಚಿಯಾದೊಂದು ಜಾಗ ಸಿಕ್ಕೀತೆ ಎಂಬುದೇ ಅವನ ಚಿಂತೆಯಾಗುತ್ತದೆ. ಜಪಾನ್ ದೇಶದವರು ಇದಕ್ಕೆ ತಮ್ಮದೇ ಆದ ಪರಿಹಾರವನ್ನು ಕಂಡುಕೊಂಡಿದ್ದಾರೆ. ಕಿಶೋ ಕುರೊಕಾವಾ ಎಂಬ ವಾಸ್ತುಶಿಲ್ಪಿಯ ವಿನ್ಯಾಸದಂತೆ 1979ರಲ್ಲಿ ಒಸಾಕಾ ನಗರದಲ್ಲಿ ಮೊದಲ ಕ್ಯಾಪ್ಸೂಲ್ ಹೋಟೆಲು ತೆರೆಯಿತು. ಅಲ್ಲಿ ಮಲಗಲು ಕೋಣೆಗಳಿಲ್ಲ. ಒಂದರ ಮೇಲೊಂದು ಜೋಡಿಸಿದ ಗೂಡುಗಳಿವೆ. ಗೂಡಿನ ಉದ್ದ ಸುಮಾರು ಎರಡು ಮೀಟರು. ಅಗಲ, ಎತ್ತರಗಳು ಸುಮಾರು ಒಂದೊಂದು ಮೀಟರು. ಒಳಗೆ ಕುಳಿತುಕೊಳ್ಳಬಹುದು, ನಿಲ್ಲಲಾಗದು. ಸ್ನಾನದ ಮನೆ ಎಲ್ಲರಿಗೂ ಸೇರಿ ಒಂದೇ. ಕಡೆಯ ರೈಲು ತಪ್ಪಿದ ಗುಮಾಸ್ತರು ಅಲ್ಪ ಹಣಕ್ಕೆ ಅಲ್ಲಿ ರಾತ್ರಿ ಕಳೆದು ಬೆಳಗ್ಗೆ ನೇರವಾಗಿ ಕಚೇರಿಗೆ ಹೋಗುತ್ತಾರೆ.

ಈ ಗೂಡುಗಳ ವಿಷಯವನ್ನು ಓದಿದಾಗ ನನಗೆ ನೆನಪಾದವರು ನಮ್ಮ ಸೀಮೆಯವರೇ ಆದ ಒಬ್ಬ ಹಿರಿಯರು. ಒಸಾಕಾದ ಹೋಟೆಲಿಗೆ ನಾಲ್ವತ್ತು ವರ್ಷ ಮೊದಲೇ ಅವರು ಮದರಾಸಿನಲ್ಲಿ, ಮಧ್ಯಮ ವರ್ಗದ ಪ್ರಯಾಣಿಕರಿಗೆ ಒಂದು ರಾತ್ರಿಯ ನೆಲೆಯನ್ನೂ ನಾಲಗೆಗೆ ಒಗ್ಗುವ ಊಟವನ್ನೂ ಒಂದೇ ಸೂರಿನ ಕೆಳಗೆ ಒದಗಿಸಿದರು. ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನು ಕೇಳದವರು ವಿರಳ. ಅದನ್ನು ಹುಟ್ಟುಹಾಕಿದ ಕೆ. ಕೃಷ್ಣರಾಯರು ಕಾರ್ಕಳದಿಂದ ಬಹು ದೂರವಲ್ಲದ ಕಡಂದಲೆಯವರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಕೃಷ್ಣರಾಯರು ಹುಟ್ಟಿದ್ದು 1898ರಲ್ಲಿ. ಮನೆಯಲ್ಲಿ ಬಡತನ. ಅಂದು ಕಲಿಯಲು ಅನುಕೂಲವಿಲ್ಲದ ಬ್ರಾಹ್ಮಣ ಹುಡುಗರಿಗೆ ತೆರೆದಿದ್ದ ದಾರಿಯೆಂದರೆ ಉಡುಪಿಯ ಮಠಗಳ ಅಡುಗೆಮನೆ. ಅವರೂ ಅದೇ ದಾರಿ ಹಿಡಿದರು. ಮಠದ ಅಡುಗೆಮನೆಯೆಂಬುದು ಒಂದು ಕಠಿಣವಾದ ಪಾಠಶಾಲೆ. ನಸುಕಿಗೆ ಮುಂಚೆ ಏಳಬೇಕು, ಮಿಂದು ಮಡಿಯುಡಬೇಕು, ಹಂಡೆಗಟ್ಟಲೆ ನೀರು ಹೊರಬೇಕು, ರುಬ್ಬುವ ಕಲ್ಲಿನ ಮುಂದೆ ಗಂಟೆಗಟ್ಟಲೆ ಕೂರಬೇಕು. ಎಷ್ಟು ಜನ ಬಂದರೂ ಅಡುಗೆ ಸಾಲದು ಎನ್ನುವಂತಿಲ್ಲ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವಂತಿಲ್ಲವಾದ್ದರಿಂದ ಉಪ್ಪು ಹುಳಿಗಳ ಅಳತೆ ಕೈಗೇ ತಿಳಿದಿರಬೇಕು. ಉಡುಪಿ ಹೋಟೆಲು ಎಂದು ಲೋಕವೆಲ್ಲ ಕರೆಯುವ ಉದ್ಯಮಕ್ಕೆ ಬೇಕಾದ ಶುಚಿತ್ವ, ವೇಗ, ಅಳತೆಗಳು ಬಹುಮಟ್ಟಿಗೆ ಇಲ್ಲಿಂದಲೇ ಬಂದವು.

ಆದರೆ ಹೊಟ್ಟೆ ತುಂಬಿದ ಮಾತ್ರಕ್ಕೆ ಮನೆ ನಡೆಯದು. 1920ರ ದಶಕದಲ್ಲಿ ಕೃಷ್ಣರಾಯರು ಮದರಾಸಿಗೆ ಹೋದರು. ನಮ್ಮ ಜಿಲ್ಲೆಯವರು ಮದರಾಸಿನತ್ತ ಮುಖಮಾಡುವುದಕ್ಕೆ ಕಾರಣವಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ದಕ್ಷಿಣ ಕನ್ನಡವು ಮದರಾಸು ಆಡಳಿತಕ್ಕೆ ಒಳಪಟ್ಟಿತ್ತು. ಹೈಕೋರ್ಟಿನ ವ್ಯಾಜ್ಯವಾಗಲಿ, ವಿಶ್ವವಿದ್ಯಾನಿಲಯದ ಕೆಲಸವಾಗಲಿ, ಸರಕಾರದ ಅರ್ಜಿಯಾಗಲಿ, ನಮ್ಮವರು ಅಲ್ಲಿಗೇ ಹೋಗಬೇಕಾಗಿತ್ತು. ರೈಲು ಹಳಿ 1907ರಲ್ಲಿ ಮಂಗಳೂರನ್ನು ತಲಪಿತ್ತು. ಕಾರ್ಕಳದವನಾಗಲಿ ಕಾಪುವಿನವನಾಗಲಿ ಮಂಗಳೂರಿಗೆ ಬಂದು ಬಂಡಿ ಹತ್ತಿದರೆ ಮದರಾಸು ಸೇರಬಹುದಾಗಿತ್ತು. ಸೇರಿದ ಮೇಲೆ ಎಲ್ಲಿ ತಂಗುವುದೆಂಬುದೇ ತೊಡಕು.

ಮೊದಲು ಕೃಷ್ಣರಾಯರಿಗೆ ದೊರೆತದ್ದು ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯ ಒಂದು ಸಣ್ಣ ಉಪಾಹಾರಗೃಹ. ಕೈಯಲ್ಲಿ ಬಂಡವಾಳವಿಲ್ಲದ್ದರಿಂದ ಅದರ ಬೆಲೆಯನ್ನು ತಿಂಗಳ ಕಂತುಗಳಲ್ಲಿ ತೀರಿಸುವ ಕರಾರು ಮಾಡಿಕೊಂಡು ವಹಿಸಿಕೊಂಡರು. 1930ರ ದಶಕದಲ್ಲಿ ನಗರದ ಮುಖ್ಯ ಬೀದಿಯಾದ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀ ಕೃಷ್ಣ ವಿಲಾಸವನ್ನು ತೆರೆದರು. ಮಸಾಲೆ ದೋಸೆಯನ್ನು ಮದರಾಸಿನ ಜನರಿಗೆ ಪ್ರಿಯವಾಗಿಸಿದ ಕೀರ್ತಿಯನ್ನು ಅನೇಕರು ಇವರಿಗೇ ಸಲ್ಲಿಸುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ಅವರು ಹೆಸರುವಾಸಿಯಾದ ಅನೇಕ ಹೋಟೆಲು ಮಾಲಿಕರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು.

1938ರಲ್ಲಿ ಅವರು ಹೊಸ ಸಾಹಸಕ್ಕೆ ಕೈಯಿಟ್ಟರು. ರಾಯಪೇಟೆಯಲ್ಲಿ ರಾಮನಾಡಿನ ರಾಜರಿಗೆ ಸೇರಿದ ವಿಶಾಲವಾದ ಬಂಗಲೆಯೊಂದಿತ್ತು. ವುಡ್‌ಲ್ಯಾಂಡ್ಸ್ ಎಂಬುದು ಆ ಬಂಗಲೆಯ ಹೆಸರು. ಅದನ್ನು ಬಾಡಿಗೆಗೆ ಹಿಡಿದು ಊಟದೊಡನೆ ವಸತಿಯನ್ನೂ ಕೊಡುವ ಹೋಟೆಲನ್ನಾಗಿ ಮಾಡಿದರು. ಕಾಡಿನ ನೆಲವೆಂಬ ಅರ್ಥದ ಆ ಇಂಗ್ಲಿಷ್ ಹೆಸರು ಮುಂದೆ ಇಡ್ಲಿ ಸಾಂಬಾರಿನ ಪರಿಮಳದೊಡನೆ ಬೆರೆತು ನಮ್ಮದೇ ಆಗಿಹೋಯಿತು.

ಈ ಸಾಹಸದ ಮಹತ್ವವನ್ನು ತಿಳಿಯಬೇಕಾದರೆ ಅಂದಿನ ಪ್ರಯಾಣಿಕನ ಪಾಡನ್ನು ನೆನೆಯಬೇಕು. ಒಂದು ಕಡೆ ದೊರೆಗಳಿಗೂ ಸಿರಿವಂತರಿಗೂ ಮೀಸಲಾದ ದೊಡ್ಡ ಹೋಟೆಲುಗಳು. ಅವುಗಳ ದರ, ಊಟ, ನಡೆನುಡಿ ಯಾವುದೂ ಸಾಮಾನ್ಯನಿಗೆ ಎಟುಕದು. ಇನ್ನೊಂದು ಕಡೆ ಪುಣ್ಯವಂತರು ಕಟ್ಟಿಸಿದ ಛತ್ರಗಳು. ಛತ್ರಗಳಲ್ಲಿ ಹಣದ ಮಾತಿಲ್ಲದಿದ್ದರೂ ಎಷ್ಟೋ ಕಡೆ ಜಾತಿಯ ಮಾತಿತ್ತು. ಇವೆರಡರ ನಡುವೆ, ನ್ಯಾಯವಾದ ಬಾಡಿಗೆ ತೆತ್ತು ಯಾರ ಹಂಗೂ ಇಲ್ಲದೆ ಮಲಗೆದ್ದು ಹೋಗಲು ಅನುವಾದ ಮನೆಗಳು ಬೇಕಾಗಿದ್ದವು. ಶಾಲಾ ಮಾಸ್ತರು, ವಕೀಲರ ಗುಮಾಸ್ತ, ಮಗಳ ಮದುವೆಗೆ ಸೀರೆ ಕೊಳ್ಳಲು ಬಂದ ಗೃಹಸ್ಥ, ಇಂಥವರಿಗೆ ವುಡ್‌ಲ್ಯಾಂಡ್ಸ್ ಒದಗಿತು.

ಹೋಟೆಲುಗಳು ಬಂದೊಡನೆ ಭೇದಗಳೆಲ್ಲ ಅಳಿದುವೆಂದು ಹೇಳಲಾರೆ. ಆ ಪ್ರಾಂತದ ರೈಲು ನಿಲ್ದಾಣಗಳ ಊಟದ ಶಾಲೆಗಳಲ್ಲಿಯೇ ಬ್ರಾಹ್ಮಣರಿಗೂ ಉಳಿದವರಿಗೂ ಬೇರೆ ಬೇರೆ ಸ್ಥಳವಿಡುವ ಪದ್ಧತಿ 1941ರವರೆಗೂ ನಡೆದಿತ್ತು. ಜಾತಿಯ ಕಾರಣದಿಂದ ಯಾರನ್ನೂ ಹೋಟೆಲಿನ ಬಾಗಿಲಲ್ಲಿ ತಡೆಯಕೂಡದೆಂದು ಸಾರಲು 1950ರ ಸಂವಿಧಾನದ 15ನೆಯ ಅನುಚ್ಛೇದವೇ ಬರಬೇಕಾಯಿತು. ಅಸ್ಪೃಶ್ಯತೆಯ ನೆವದಿಂದ ತಡೆಯುವುದು 1955ರ ಶಾಸನದಿಂದ ಅಪರಾಧವಾಯಿತು. ನನ್ನಂಥವನು ಇಂದು ಯಾವ ಊರಿನ ವಸತಿಗೃಹಕ್ಕೂ ಹೆದರದೆ ಕಾಲಿಡುವುದರ ಹಿಂದೆ ಹೋಟೆಲಿಗರ ಉದ್ಯಮದೊಡನೆ ಈ ಕಾನೂನುಗಳೂ ಇವೆ.

1952ರಲ್ಲಿ ಕೃಷ್ಣರಾಯರು ಎಡ್ವರ್ಡ್ ಎಲಿಯಟ್ ರಸ್ತೆಯಲ್ಲಿ, ಎಂದರೆ ಇಂದಿನ ರಾಧಾಕೃಷ್ಣನ್ ಸಾಲೈಯಲ್ಲಿ, ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲನ್ನು ಆರಂಭಿಸಿದರು. 1962ರಲ್ಲಿ ಕೆಥೀಡ್ರಲ್ ರಸ್ತೆಯ ಮರಗಳ ನೆರಳಿನಲ್ಲಿ, ಕಾರಿನಲ್ಲಿ ಕುಳಿತೇ ತಿಂಡಿ ತರಿಸಿಕೊಳ್ಳಬಹುದಾದ ಡ್ರೈವ್-ಇನ್ ಹೋಟೆಲು ತೆರೆಯಿತು. ಕಾರಿಲ್ಲದ ವಿದ್ಯಾರ್ಥಿಗಳೂ ಪತ್ರಿಕೆಯವರೂ ಒಂದು ಲೋಟ ಕಾಫಿಯ ಮೇಲೆ ಗಂಟೆಗಟ್ಟಲೆ ಅಲ್ಲಿ ಹರಟುತ್ತಿದ್ದರಂತೆ. ಆ ನೆಲವನ್ನು ಸರಕಾರವು ಹಿಂದಕ್ಕೆ ಪಡೆದುದರಿಂದ 2008ರಲ್ಲಿ ಅದು ಮುಚ್ಚಿತು. 2010ರಲ್ಲಿ ಅಲ್ಲಿ ಉದ್ಯಾನವೊಂದು ತೆರೆಯಿತು. ಕೃಷ್ಣರಾಯರು ಇದನ್ನು ಕಾಣಲಿಲ್ಲ. ಅವರು 1990ರಲ್ಲಿ, ತೊಂಬತ್ತು ದಾಟಿದ ಪ್ರಾಯದಲ್ಲಿ ತೀರಿಕೊಂಡಿದ್ದರು.

ಇಲ್ಲಿಗೆ ಚರಿತ್ರೆ ಮುಗಿಯಿತೆಂದು ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಹೋಟೆಲಿಗೆ ಮುಂಬಾಗಿಲಿನಂತೆ ಹಿಂಬಾಗಿಲೂ ಒಂದಿದೆ. ಕೃಷ್ಣರಾಯರು ಆ ಹಿಂಬಾಗಿಲಿನಿಂದ ಒಳಹೊಕ್ಕು ಗಲ್ಲಾಪೆಟ್ಟಿಗೆಯವರೆಗೆ ನಡೆದವರು. ಅದೇ ಬಾಗಿಲಿನಿಂದ ಹೊಕ್ಕ ಸಾವಿರಾರು ಹುಡುಗರು ಅಲ್ಲಿಯೇ ಉಳಿದರು. ನನ್ನ ತಂದೆಯವರು ಅವರಲ್ಲಿ ಒಬ್ಬರು. ಹದಿಮೂರನೆಯ ವಯಸ್ಸಿನಲ್ಲಿ ಅವರು ಕಾಪುವಿನಿಂದ ಮುಂಬಯಿಗೆ ಹೋಗಿ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ನಿಂತರು. ರಾತ್ರಿ ಹನ್ನೊಂದಕ್ಕೆ ಬಾಗಿಲೆಳೆದ ಮೇಲೆ ಮೇಜುಗಳನ್ನು ಒರಸಿ, ಎರಡೆರಡನ್ನು ಜೋಡಿಸಿ, ಮಾಣಿಗಳೆಲ್ಲ ಅವುಗಳ ಮೇಲೆಯೇ ಮಲಗುತ್ತಿದ್ದರು. ಬೆಳಗಿನ ನಾಲ್ಕಕ್ಕೆ ಹಾಲಿನವನು ಬರುವಷ್ಟರಲ್ಲಿ ಹಾಸಿಗೆ ಮಡಿಸಿ ಅಟ್ಟಕ್ಕೆ ಸೇರಬೇಕು. ನಮ್ಮ ಜಿಲ್ಲೆಯವರು ಮುಂಬಯಿಯಲ್ಲಿ ನಡೆಸುತ್ತಿದ್ದ ಕನ್ನಡ ರಾತ್ರಿಶಾಲೆಗಳಿಂದ ಎಷ್ಟೋ ಹೋಟೆಲು ಹುಡುಗರು ವಿದ್ಯಾವಂತರಾದರು. ತಂದೆಯವರೂ ಒಂದಕ್ಕೆ ಸೇರಿದ್ದರು. ಆದರೆ ಪಾಠ ಆರಂಭವಾಗುವ ಹೊತ್ತಿಗೆ ಕಣ್ಣು ಮುಚ್ಚಿಹೋಗುತ್ತಿತ್ತಂತೆ. ಏಳನೆಯ ತರಗತಿಯ ಮೇಲೆ ಅವರಿಗೆ ಸಾಗಲಿಲ್ಲ. ನಮ್ಮ ಮನೆಯಲ್ಲಿ ಬಿ.ಎ. ತರಗತಿಯ ಮುಖ ಕಂಡವನು ನಾನೇ ಮೊದಲಿಗ.

ತಂದೆಯವರು ಮಲಗುತ್ತಿದ್ದ ಮೇಜುಗಳ ಅಳತೆಗೂ ಒಸಾಕಾದ ಗೂಡಿನ ಅಳತೆಗೂ ಹೆಚ್ಚಿನ ಅಂತರವಿರಲಾರದು. ಆದರೂ ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಗೂಡಿನಲ್ಲಿ ಮಲಗುವವನು ಹಣ ಕೊಟ್ಟು ಒಂದು ರಾತ್ರಿ ಅದನ್ನು ತನ್ನದಾಗಿಸಿಕೊಳ್ಳುತ್ತಾನೆ. ಪರದೆ ಎಳೆದುಕೊಂಡರೆ ಅವನನ್ನು ಎಬ್ಬಿಸುವವರಿಲ್ಲ. ತನ್ನ ದೀಪವನ್ನು ತಾನೇ ಆರಿಸುತ್ತಾನೆ. ಮೇಜಿನ ಮೇಲೆ ಮಲಗಿದ ಹುಡುಗನಿಗೆ ಪರದೆಯೂ ಇಲ್ಲ, ದೀಪವೂ ಅವನ ಕೈಯಲ್ಲಿಲ್ಲ. ಜಾಗ ಕಿರಿದಾದರೆ ಮನುಷ್ಯನು ಸಹಿಸಿಯಾನು. ಆ ಕಿರಿದಾದ ಜಾಗವೂ ತನ್ನದಲ್ಲವೆಂಬ ಭಾವನೆಯೇ ಹೆಚ್ಚು ನೋಯಿಸುವುದು.

ಆದುದರಿಂದ ಕೃಷ್ಣರಾಯರ ಬಾಳನ್ನು ನಾನು ಬಡ ಹುಡುಗನೊಬ್ಬ ಧನಿಕನಾದ ಕಥೆಯೆಂದಷ್ಟೇ ಓದಲಾರೆ. ಹಾಗೆ ಏರಿದವರು ಕೆಲವರು, ಏರದವರು ಅನೇಕರು. ಪಾಕಶಾಲೆಯ ಬಿಸಿಯಲ್ಲಿ ಬೆಳೆದು, ಪರವೂರಿನ ರಾತ್ರಿ ಎಂಥದೆಂದು ಬಲ್ಲವರೊಬ್ಬರು ಇತರರಿಗಾಗಿ ಹಾಸಿಗೆ ಹಾಸಿದರು ಎಂಬುದು ನನಗೆ ಅವರಲ್ಲಿ ದೊಡ್ಡದಾಗಿ ಕಾಣುವ ಗುಣ. ಲಾಭವಿಲ್ಲದೆ ಅವರು ಹೋಟೆಲು ನಡೆಸಲಿಲ್ಲ. ಆದರೆ ಆ ಲಾಭವು ಸಾಮಾನ್ಯನ ಕಿಸೆಯನ್ನೂ ರುಚಿಯನ್ನೂ ಅರಿತು ಗಳಿಸಿದ್ದಾಗಿತ್ತು.

ಈ ಅರಿವಿನ ಅಗತ್ಯ ನಮ್ಮ ಸೀಮೆಯಲ್ಲಿ ಇಂದಿಗೂ ಮುಗಿದಿಲ್ಲ. ಎರಡು ವರ್ಷಗಳಿಗೊಮ್ಮೆ ಜನವರಿ 18ರ ಪರ್ಯಾಯಕ್ಕೆ ಉಡುಪಿಯಲ್ಲಿ ಸೇರುವ ಜನ ರಾತ್ರಿಯನ್ನು ರಥಬೀದಿಯಲ್ಲೇ ಕಳೆಯುವುದುಂಟು. ಆದರೆ ಅದು ಉತ್ಸವದ ಜಾಗರಣೆ, ಬಂದವರು ಹರ್ಷದಿಂದ ಎಚ್ಚರವಿರುತ್ತಾರೆ. ಮಣಿಪಾಲದ ಸಂಗತಿ ಬೇರೆ. ಡಾ. ಟಿ. ಎಂ. ಎ. ಪೈಯವರು 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಮೇಲೆ ಬೋಳುಗುಡ್ಡವಾಗಿದ್ದುದು ಪಟ್ಟಣವಾಯಿತು. ಘಟ್ಟದ ಮೇಲಿನ ದೂರದ ಹಳ್ಳಿಗಳಿಂದಲೂ ರೋಗಿಗಳು ಬರತೊಡಗಿದರು. ರೋಗಿಗೆ ಮಂಚ ಸಿಕ್ಕರೂ ಜೊತೆಗೆ ಬಂದ ತಾಯಿಗೋ ತಮ್ಮನಿಗೋ ಮಂಚವಿಲ್ಲ. ಯಾವ ದೊಡ್ಡ ಆಸ್ಪತ್ರೆಯ ಊರಿನಲ್ಲಿಯೂ ಇದೇ ಮಾತು. ಹತ್ತು ದಿನ ಕಾಯಬೇಕಾದವರು ಔಷಧಿಯ ಖರ್ಚಿನ ಮೇಲೆ ವಸತಿಗೃಹದ ಬಾಡಿಗೆಯನ್ನೂ ಹೇಗೆ ತೆತ್ತಾರು? ಬೀಗವಿರುವ ಪೆಟ್ಟಿಗೆ, ಶುಚಿಯಾದ ಹೊದಿಕೆ, ಬಿಸಿನೀರಿನ ಸ್ನಾನದ ಮನೆ ಮತ್ತು ಪರದೆಯಿರುವ ಆರಡಿ ಜಾಗ ಸಿಕ್ಕರೆ ಅವರಿಗೆ ಅದೇ ಅರಮನೆ.

ನಮ್ಮಲ್ಲಿ ಕೆಲವರು ನಾಳೆ ಉದ್ಯಮಿಗಳಾಗಬಹುದು, ಕೆಲವರು ಅಧಿಕಾರಿಗಳಾಗಬಹುದು. ಅಂಥವರಲ್ಲಿ ಯಾರಾದರೂ ಇಂಥದೊಂದು ಮನೆಯನ್ನು ಕಟ್ಟುವುದಾದರೆ, ನಕ್ಷೆ ಬರೆಸುವಾಗ ಹಿಂಬಾಗಿಲಿನ ಬಳಿ ಅಲ್ಲಿ ದುಡಿಯುವ ಹುಡುಗರಿಗೂ ಒಂದೊಂದು ಮಂಚದ ಜಾಗವನ್ನು ಮೊದಲೇ ಗುರುತಿಸಲಿ ಎಂಬುದು ನನ್ನ ಬಿನ್ನಹ.