ಎಡ್ವರ್ಡ್ ಜೆನ್ನರ್: ಸಿಡುಬಿನ ನಂಟನ್ನು ಕಂಡ ವೈದ್ಯ

ಬಾಗಲಕೋಟೆಯ ಪೇಟೆಯಲ್ಲಿ, ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯಲ್ಲಿ, ಹುನಗುಂದದ ಹೊಲಗಳಲ್ಲಿ, ಇಳಕಲ್ಲಿನ ಮಗ್ಗದ ಮನೆಗಳಲ್ಲಿ ಅರವತ್ತು ದಾಟಿದ ಹಿರಿಯರನ್ನು ಕಂಡರೆ ಅವರ ತೋಳನ್ನೊಮ್ಮೆ ನೋಡಬೇಕು. ಅನೇಕರ ತೋಳಿನ ಮೇಲೆ ನಾಣ್ಯದಂಥ ಒಂದೆರಡು ಕಲೆಗಳಿರುತ್ತವೆ. ಅದು ಬಾಲ್ಯದಲ್ಲಿ ದೇವಿ ಹಾಕಿದ ಗುರುತು. ಮೈಮೇಲೆ ಗುಳ್ಳೆಯೆದ್ದರೆ ದೇವಿ ಬಂದಳೆಂದು ಬೇವಿನ ತಪ್ಪಲು ಕಟ್ಟುತ್ತಿದ್ದ ನಾಡಿನಲ್ಲಿ ಆ ಬೇನೆಯನ್ನು ತಡೆಯುವ ಉಪಾಯಕ್ಕೂ ದೇವಿಯ ಹೆಸರೇ ನಿಂತಿತು. ಆ ಕಲೆಯ ಹಿಂದಿರುವುದು ಒಬ್ಬ ಹಳ್ಳಿಯ ವೈದ್ಯನ ಬಾಳು.

ಎಡ್ವರ್ಡ್ ಜೆನ್ನರ್ ಹುಟ್ಟಿದ್ದು 1749ರ ಮೇ 17ರಂದು, ಇಂಗ್ಲೆಂಡಿನ ಬರ್ಕ್ಲಿ ಎಂಬ ಸಣ್ಣ ಊರಿನಲ್ಲಿ. ಐದನೆಯ ವಯಸ್ಸಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಬಾಲಕನಿಗೆ ಎಂಟನೆಯ ವಯಸ್ಸಿನಲ್ಲಿ ಸಿಡುಬಿನ ಕೀವನ್ನೇ ಮೈಗೆ ತಾಕಿಸಿದರು. ಲಘುವಾಗಿ ರೋಗ ಬರಿಸಿ ದೊಡ್ಡ ರೋಗವನ್ನು ತಡೆಯುವ ಪದ್ಧತಿ ಆಗ ರೂಢಿಯಲ್ಲಿತ್ತು. ಅದರಿಂದ ಬಹುಜನ ಉಳಿದರು. ಆದರೆ ಕೆಲವರು ಸತ್ತರು, ಕೆಲವರಿಂದ ರೋಗವು ನೆರೆಹೊರೆಗೆ ಹಬ್ಬಿತು. ಬಾಲ್ಯದಲ್ಲಿ ಪಟ್ಟ ಆ ಸಂಕಟವನ್ನು ಜೆನ್ನರ್ ಮರೆಯಲಿಲ್ಲ.

ಮುಂದೆ ಲಂಡನ್ನಿನಲ್ಲಿ ಜಾನ್ ಹಂಟರ್ ಎಂಬ ಹೆಸರಾಂತ ಶಸ್ತ್ರವೈದ್ಯನ ಬಳಿ ಕಲಿತು, ನಗರದ ಆಸೆಯನ್ನು ಬಿಟ್ಟು, ಆತನು ಬರ್ಕ್ಲಿಗೇ ಮರಳಿದನು. ಕೋಗಿಲೆಯ ಮರಿಯ ನಡವಳಿಕೆಯನ್ನು ಕುರಿತ ಆತನ ಅಧ್ಯಯನಕ್ಕಾಗಿ 1789ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಕಣ್ಣಿಟ್ಟು ನೋಡುವುದು ಆತನ ಸ್ವಭಾವವೇ ಆಗಿತ್ತು.

ಹಾಲು ಕರೆಯುವ ಹೆಂಗಸರಿಗೆ ಹಸುವಿನ ಕೆಚ್ಚಲಿನಿಂದ ಒಂದು ಬಗೆಯ ಗುಳ್ಳೆ ಅಂಟುತ್ತದೆ; ಅದು ಬಂದವರಿಗೆ ಸಿಡುಬು ಬಾರದು ಎಂಬ ಮಾತು ಆ ಸೀಮೆಯಲ್ಲಿ ಎಲ್ಲರಿಗೂ ತಿಳಿದಿತ್ತು. ಬೆಂಜಮಿನ್ ಜೆಸ್ಟಿ ಎಂಬ ರೈತನು 1774ರಲ್ಲಿಯೇ ಅದನ್ನು ನಂಬಿ ತನ್ನ ಹೆಂಡತಿ ಮಕ್ಕಳಿಗೆ ಆ ಕೀವನ್ನು ಹಾಕಿದ್ದುಂಟು. ಜೆನ್ನರ್ ಆ ಮಾತನ್ನು ಪರೀಕ್ಷೆಗೆ ಒಡ್ಡಿದನು. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬವಳ ಕೈಗುಳ್ಳೆಯಿಂದ ಕೀವು ತೆಗೆದು, ಎಂಟು ವರ್ಷದ ಜೇಮ್ಸ್ ಫಿಪ್ಸ್ ಎಂಬ ಬಡ ಬಾಲಕನ ತೋಳಿಗೆ ಹಾಕಿದನು. ಜುಲೈ ತಿಂಗಳಲ್ಲಿ ಅದೇ ಬಾಲಕನಿಗೆ ನಿಜವಾದ ಸಿಡುಬಿನ ಕೀವನ್ನು ತಾಕಿಸಿದನು. ರೋಗ ಬರಲಿಲ್ಲ. ಎರಡನೆಯ ಕೆಲಸ ಆ ಕಾಲದ ವಾಡಿಕೆಯೇ ಆಗಿದ್ದರೂ ಇಂದಿನ ನ್ಯಾಯದಲ್ಲಿ ತೂಗಿದರೆ ಇಂಥ ಪ್ರಯೋಗ ಒಪ್ಪತಕ್ಕದ್ದಲ್ಲ. ಒಂದು ಮಗುವಿನ ಪ್ರಾಣವನ್ನು ಪಣವಾಗಿಟ್ಟು ಪಡೆದ ಜ್ಞಾನವಿದು ಎಂಬುದನ್ನು ನಾವು ಮರೆಯಬಾರದು.

ರಾಯಲ್ ಸೊಸೈಟಿಯು ಆತನ ಲೇಖನವನ್ನು ಪ್ರಕಟಿಸಲು ಒಪ್ಪಲಿಲ್ಲ. ಜೆನ್ನರ್ ಇನ್ನಷ್ಟು ನಿದರ್ಶನಗಳನ್ನು ಕೂಡಿಸಿ 1798ರಲ್ಲಿ ತಾನೇ ಪುಸ್ತಕವಾಗಿ ಅಚ್ಚು ಹಾಕಿಸಿದನು. ದನದ ರೋಗವನ್ನು ಮನುಷ್ಯರಿಗೆ ಅಂಟಿಸುವನೆಂದು ಕೆಲವರು ಹೀಯಾಳಿಸಿದರು, ವ್ಯಂಗ್ಯಚಿತ್ರಗಳಲ್ಲಿ ತೋಳಿನಿಂದ ಹಸುಗಳು ಮೊಳೆತವು. ಆದರೂ ನಾಲ್ಕೇ ವರ್ಷಗಳಲ್ಲಿ ಆ ಕೀವು ವಿಯೆನ್ನಾ, ಬಾಗ್ದಾದ್, ಬಸ್ರಾಗಳ ದಾರಿಯಲ್ಲಿ ತೋಳಿನಿಂದ ತೋಳಿಗೆ ದಾಟುತ್ತ ಬಂದು, 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಒಬ್ಬ ಬಾಲಕಿಯ ತೋಳನ್ನು ಮುಟ್ಟಿತು. ಮೈಸೂರು ಅರಮನೆಯೂ ಅದಕ್ಕೆ ಬಾಗಿಲು ತೆರೆಯಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಒಂದು ಚಿತ್ರದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ಸೆರಗು ಸರಿಸಿ ತೋಳು ತೋರುತ್ತಿರುವುದು ದಾಕು ಹಾಕಿಸಿಕೊಂಡ ಗುರುತನ್ನೇ ಎಂದು ಇತಿಹಾಸಜ್ಞರು ಊಹಿಸಿದ್ದಾರೆ.

ಜೆನ್ನರನಿಗೆ ವೈರಸ್ ಎಂದರೇನೆಂದು ತಿಳಿದಿರಲಿಲ್ಲ. ಅದರ ಅರಿವು ಮೂಡಿದ್ದು ಸುಮಾರು ನೂರು ವರ್ಷಗಳ ತರುವಾಯ. ವೈರಸ್ಸಿನ ಮೈಮೇಲೆ ಕೆಲವು ಪ್ರೋಟೀನುಗಳಿರುತ್ತವೆ. ನಮ್ಮ ದೇಹ ಪರಕೀಯವೆಂದು ಗುರುತಿಸುವ ಇಂಥ ವಸ್ತುವಿಗೆ ಪ್ರತಿಜನಕವೆಂದು ಹೆಸರು. ಅದಕ್ಕೆ ಎದುರಾಗಿ, ಬೀಗಕ್ಕೆ ಕೀಲಿಯಂತೆ ಹೊಂದುವ ಪ್ರತಿಕಾಯಗಳನ್ನು ದೇಹ ತಯಾರಿಸುತ್ತದೆ. ಒಮ್ಮೆ ಕಂಡ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ. ಹಸುವಿನ ಸಿಡುಬಿನದೂ ಮನುಷ್ಯನ ಸಿಡುಬಿನದೂ ಒಂದೇ ಕುಟುಂಬ. ಪಾಕ್ಸ್‌ವೈರಸ್ ಎಂಬ ಆ ಕುಟುಂಬದಲ್ಲಿ ಅವೆರಡೂ ಒಂದೇ ಕವಲಿನವು. ಆದುದರಿಂದಲೇ ಸಾಧು ಸೋದರನನ್ನು ಕಂಡಿದ್ದ ದೇಹವು ಕ್ರೂರ ಸೋದರನನ್ನೂ ಮುಖಚರ್ಯೆಯಿಂದ ಗುರುತಿಸಿತು.

ಇಲ್ಲಿ ಒಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸಿಡುಬು, ಸೀತಾಳೆ ಸಿಡುಬು, ದಡಾರ ಈ ಮೂರರಲ್ಲಿಯೂ ಮೈಮೇಲೆ ಏಳುತ್ತದೆ; ನಮ್ಮ ಜನ ಮೂರಕ್ಕೂ ಅಮ್ಮನ ಹೆಸರನ್ನೇ ಇಟ್ಟರು. ಆದರೆ ಸೀತಾಳೆ ಸಿಡುಬಿನದು ಹರ್ಪಿಸ್‌ವೈರಸ್ ಕುಟುಂಬ, ದಡಾರದ್ದು ಪ್ಯಾರಾಮಿಕ್ಸೊವೈರಸ್ ಕುಟುಂಬ. ಒಂದಕ್ಕೆ ಹುಟ್ಟಿದ ಪ್ರತಿಕಾಯವು ಇನ್ನೊಂದನ್ನು ತಡೆಯದು. ಗುಳ್ಳೆಯ ರೂಪವಲ್ಲ, ಒಳಗಿನ ಅನುವಂಶಿಕ ವಸ್ತು ಡಿ.ಎನ್.ಎ.ಯೋ ಆರ್.ಎನ್.ಎ.ಯೋ, ಅದರ ರಚನೆ ಹೇಗೆ, ಮೇಲಿನ ಕವಚ ಎಂಥದು ಎಂಬುದರಿಂದ ಇಂದು ವೈರಸ್ಸಿನ ಕುಟುಂಬ ನಿರ್ಣಯವಾಗುತ್ತದೆ. ಅಂಥ ಯಾವ ಸಾಧನವೂ ಇಲ್ಲದ ಕಾಲದಲ್ಲಿ, ಒಂದು ರೋಗ ಇನ್ನೊಂದನ್ನು ತಡೆಯುವುದೆಂಬ ಒಂದೇ ಸುಳಿವಿನಿಂದ, ಜೆನ್ನರ್ ಆ ನಂಟನ್ನು ಹಿಡಿದನು.

ಪಾರ್ಲಿಮೆಂಟು ಆತನಿಗೆ 1802ರಲ್ಲಿ 10,000 ಪೌಂಡುಗಳನ್ನೂ 1807ರಲ್ಲಿ 20,000 ಪೌಂಡುಗಳನ್ನೂ ಕೊಟ್ಟಿತು. ಆತನಾದರೋ ಮನೆಯ ತೋಟದ ಗುಡಿಸಲಿನಲ್ಲಿ ಬಡವರಿಗೆ ಬಿಟ್ಟಿಯಾಗಿ ಲಸಿಕೆ ಹಾಕುತ್ತಿದ್ದನು. ಜಗತ್ತಿನ ಮಕ್ಕಳನ್ನು ಉಳಿಸಿದವನು ಹಿರಿಯ ಮಗನನ್ನು 1810ರಲ್ಲಿಯೂ ಹೆಂಡತಿಯನ್ನು 1815ರಲ್ಲಿಯೂ ಕ್ಷಯದ ಬಾಯಿಂದ ಉಳಿಸಿಕೊಳ್ಳಲಾರದೆ ಹೋದನು. 1823ರ ಜನವರಿ 26ರಂದು ಆತನು ತೀರಿಕೊಂಡಾಗ ಶವಯಾತ್ರೆಯಲ್ಲಿ ನಡೆದವರ ನಡುವೆ ಜೇಮ್ಸ್ ಫಿಪ್ಸನೂ ಇದ್ದನು. ಆತನ ವಾಸಕ್ಕೆ ಜೆನ್ನರ್ ಬಾಡಿಗೆಯಿಲ್ಲದೆ ಒಂದು ಮನೆಯನ್ನು ಕೊಟ್ಟಿದ್ದನು.

1980ರ ಮೇ 8ರಂದು ಸಿಡುಬು ಭೂಮಿಯಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸಾರಿತು. ಇಂದು ಇಳಕಲ್ಲಿನ ಮಗ್ಗದ ಮುಂದೆ ಕುಳಿತ ಅಜ್ಜಿಯ ತೋಳಿನಲ್ಲಿ ಆ ಕಲೆ ಇದೆ. ಪಕ್ಕದಲ್ಲಿ ಆಡುವ ಮೊಮ್ಮಗುವಿನ ತೋಳಿನಲ್ಲಿ ಇಲ್ಲ. ಆ ಕಲೆ ಏನೆಂದು ಮಗು ಕೇಳಿದರೆ, ಅಜ್ಜಿಗೆ ಹೇಳಲು ಒಂದು ದೊಡ್ಡ ಕಥೆಯೇ ಇದೆ.