ಒಬ್ಬಳೇ ಸಾಲದೆಂದು ತಿಳಿದ ವೈದ್ಯೆ

ಪಿ.ಯು.ಸಿ. ಫಲಿತಾಂಶ ಬಂದ ವಾರ ಸಂಸೆ, ಕಳಸದ ಕಡೆ ಯಾವ ಮನೆಗೆ ಹೋದರೂ ಒಂದೇ ಮಾತು. ಮಗಳಿಗೆ ಡಾಕ್ಟರ್ ಸೀಟು ಸಿಗುವಷ್ಟು ಅಂಕ ಬರಲಿಲ್ಲ, ನರ್ಸಾದರೂ ಆಗಲಿ, ಲ್ಯಾಬ್ ಕೆಲಸವಾದರೂ ಕಲಿಯಲಿ ಎನ್ನುತ್ತಾರೆ. ಈ 'ಆದರೂ' ಎಂಬ ಪದ ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಡಾಕ್ಟರ್ ಪದವಿಯ ಮೇಲೆ ಎಂ.ಡಿ.ಯನ್ನೂ ಪಡೆದಿದ್ದ ಒಬ್ಬ ಧರ್ಮಭಗಿನಿ. ನರ್ಸ್, ಸೂಲಗಿತ್ತಿ, ಕಾಂಪೌಂಡರುಗಳನ್ನು ತಯಾರು ಮಾಡುವುದನ್ನು ಅವರು ಎಂದೂ ಕೀಳು ಕೆಲಸವೆಂದು ಎಣಿಸಲಿಲ್ಲ.

ಅವರ ಹೆಸರು ಮೇರಿ ಗ್ಲೋರಿ. 1887ರ ಜೂನ್ 23ರಂದು ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದ ಬಿರೆಗುರ್ರಾ ಎಂಬ ಊರಿನಲ್ಲಿ ಹುಟ್ಟಿದರು. ತುಂಬಿದ ಮನೆ, ಒಂಬತ್ತು ಮಂದಿ ಮಕ್ಕಳು. ಸಂಜೆಯ ಜಪಸರದ ಜೊತೆಗೆ ಒಳ್ಳೆಯ ಗುರುಗಳಿಗಾಗಿ, ಒಳ್ಳೆಯ ವೈದ್ಯರಿಗಾಗಿ ಪ್ರಾರ್ಥಿಸುವುದು ಆ ಮನೆಯ ರೂಢಿಯಾಗಿತ್ತು. ಕಲಾ ವಿಭಾಗಕ್ಕೆ ಸೇರಿದ್ದ ಮೇರಿ, ತಂದೆ ಕೊಟ್ಟ ಧೈರ್ಯದಿಂದ ವೈದ್ಯಕೀಯಕ್ಕೆ ಬದಲಾಯಿಸಿಕೊಂಡರು. 1910ರಲ್ಲಿ ಪದವಿ ಬಂತು. ಮುಂದೆ ಮೆಲ್ಬರ್ನ್ ನಗರದಲ್ಲಿ ಸ್ವಂತ ಕ್ಲಿನಿಕ್, ಹೆಸರು, ಸಂಪಾದನೆ ಎಲ್ಲವೂ ಬಂದವು.

ಇಷ್ಟರಲ್ಲಿ, 1915ರಲ್ಲಿ, ಒಂದು ಪುಟ್ಟ ಪುಸ್ತಿಕೆ ಅವರ ಕೈಗೆ ಸಿಕ್ಕಿತು. ಭಾರತದ ತಾಯಂದಿರಿಗಾಗಿ ದುಡಿದ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರ ಕಥೆ ಅದು. ಗಂಡಸು ಡಾಕ್ಟರರ ಮುಂದೆ ಬರಲಾರದ ಹೆಂಗಸರು ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದಾರೆ, ಹಸುಗೂಸುಗಳು ಉಳಿಯುತ್ತಿಲ್ಲ ಎಂಬುದನ್ನು ಓದಿದ ಮೇರಿಗೆ ತನ್ನ ಕರೆ ಯಾವುದೆಂದು ತಿಳಿದುಹೋಯಿತು. ಹಾಗೆಂದು ಅವಸರಪಡಲಿಲ್ಲ. ಹೆರಿಗೆ, ಸ್ತ್ರೀರೋಗ, ಕಣ್ಣಿನ ಚಿಕಿತ್ಸೆಗಳಲ್ಲಿ ಹೆಚ್ಚಿನ ಅಭ್ಯಾಸ ಮಾಡಿ 1919ರಲ್ಲಿ ಎಂ.ಡಿ. ಪಡೆದು, ಮರುವರ್ಷ ಜನವರಿಯಲ್ಲಿ ಹಡಗು ಹತ್ತಿದರು. ಫೆಬ್ರವರಿಯಲ್ಲಿ ಆಂಧ್ರದ ಗುಂಟೂರಿಗೆ ಬಂದಿಳಿದು, ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿದರು. ಪವಿತ್ರ ಹೃದಯದ ಸಿಸ್ಟರ್ ಮೇರಿ ಎಂಬುದು ಅವರ ಹೊಸ ಹೆಸರಾಯಿತು.

ಇಲ್ಲೊಂದು ತೊಡಕಿತ್ತು. ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸುವುದಕ್ಕೆ ಧರ್ಮಸಭೆಯ ಕಾನೂನು ಆಗ ಒಪ್ಪುತ್ತಿರಲಿಲ್ಲ. ಜಗದ್ಗುರು 15ನೆಯ ಬೆನೆಡಿಕ್ಟರು ವಿಶೇಷ ಅನುಮತಿ ನೀಡಿದ ಮೇಲೆಯೇ ಸಿಸ್ಟರ್ ಮೇರಿ ಸ್ಟೆತೊಸ್ಕೋಪ್ ಹಿಡಿಯಬಹುದಾಯಿತು. ಎಲ್ಲ ಸಭೆಗಳ ಭಗಿನಿಯರಿಗೂ ಹೆರಿಗೆಯ ಸೇವೆಯ ಬಾಗಿಲು ತೆರೆದದ್ದು 1936ರಲ್ಲಿ.

ಸಣ್ಣದೊಂದು ಔಷಧಾಲಯದ ಮುಂದೆ ರೋಗಿಗಳ ಸಾಲು ಬೆಳೆಯುತ್ತಲೇ ಇತ್ತು. ಇರುವುದು ಎರಡೇ ಕೈ. ಒಬ್ಬ ವೈದ್ಯೆ ಹಗಲಿರುಳು ದುಡಿದರೂ ಎಷ್ಟು ಮಂದಿಯನ್ನು ನೋಡಿಯಾಳು? ಅದಕ್ಕೇ ಅವರು ಅಲ್ಲಿನ ಹೆಣ್ಣುಮಕ್ಕಳನ್ನೇ ಕರೆದು ಕೂರಿಸಿಕೊಂಡು ಕಲಿಸತೊಡಗಿದರು. ಕೆಲವರು ಔಷಧಿ ಕೊಡುವವರಾದರು, ಕೆಲವರು ದಾದಿಯರಾದರು, ಕೆಲವರು ಸೂಲಗಿತ್ತಿಯರಾದರು.

ಇದು ಹಗುರವಾದ ವಿದ್ಯೆಯೇ? ಯೋಚಿಸಿ ನೋಡಿ. ಆ ಕಾಲದ ಅಳತೆಯಲ್ಲಿ ಒಂದು ಡ್ರಾಮ್ ಎಂದರೆ 60 ಗ್ರೇನ್. ಚೀಟಿಯಲ್ಲಿ ಗ್ರೇನ್ ಎಂದಿದ್ದುದನ್ನು ಡ್ರಾಮ್ ಎಂದು ಓದಿ ಪುಡಿ ತೂಗಿದರೆ, ಎಂ.ಡಿ. ಮಾಡಿದವರು ಬರೆದ ಔಷಧಿಯೇ ವಿಷವಾಗುತ್ತದೆ. ಕೊಳಕು ಕತ್ತಿಯಿಂದ ಹೊಕ್ಕುಳ ಬಳ್ಳಿ ಕೊಯ್ದರೆ, ಹುಟ್ಟುವಾಗ ಗಟ್ಟಿಮುಟ್ಟಾಗಿದ್ದ ಮಗು ವಾರದೊಳಗೆ ಧನುರ್ವಾಯುವಿನಿಂದ ಸೆಟೆದು ಸಾಯುತ್ತದೆ. ಕೈ ತೊಳೆದು, ಕತ್ತರಿಯನ್ನು ಕುದಿಸಿ ಬಳಸುವ ಒಬ್ಬ ಸೂಲಗಿತ್ತಿ ಹಳ್ಳಿಯಲ್ಲಿದ್ದರೆ ಆ ಸಾವು ತಪ್ಪುತ್ತದೆ. ಡಾಕ್ಟರರು ಮೈಲುಗಟ್ಟಲೆ ದೂರದಲ್ಲಿರುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವರ್ಷಗಳು ಉರುಳಿದಂತೆ ಔಷಧಾಲಯವು ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಸಿಸ್ಟರ್ ಮೇರಿಯ ಚಿಂತೆ ಗುಂಟೂರಿಗೆ ನಿಲ್ಲಲಿಲ್ಲ. ದೇಶದ ಕಥೋಲಿಕ ಆಸ್ಪತ್ರೆಗಳು ಒಂದರ ಕಷ್ಟ ಇನ್ನೊಂದಕ್ಕೆ ತಿಳಿಯದಂತೆ ಬಿಡಿಬಿಡಿಯಾಗಿದ್ದವು. 1943ರಲ್ಲಿ ಅವರು ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ನಮ್ಮದೇ ಆದ ಒಂದು ವೈದ್ಯಕೀಯ ಕಾಲೇಜು ಬೇಕೆಂಬ ಕನಸನ್ನೂ ಕಂಡರು.

ಆ ಕನಸು ಕೈಗೂಡುವುದನ್ನು ಅವರು ಕಾಣಲಿಲ್ಲ. ಎಷ್ಟೋ ತಾಯಂದಿರ ನೋವನ್ನು ಶಮನಗೊಳಿಸಿದವರ ಕೊನೆಯ ದಿನಗಳು ಕ್ಯಾನ್ಸರಿನ ನೋವಿನಲ್ಲಿ ಕಳೆದವು. 1957ರ ಮೇ 5ರಂದು, ನಮ್ಮ ಬೆಂಗಳೂರಿನಲ್ಲೇ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಆರು ವರ್ಷಗಳ ನಂತರ, 1963ರಲ್ಲಿ, ಅದೇ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. ಡಾಕ್ಟರಾಗುವವರ ಜೊತೆಗೆ ನರ್ಸಿಂಗ್ ಕಲಿಯುವವರೂ ಲ್ಯಾಬೊರೇಟರಿ ತಂತ್ರಜ್ಞರಾಗುವವರೂ ಅಲ್ಲಿ ಓದುತ್ತಾರೆ. 2013ರಲ್ಲಿ ಧರ್ಮಸಭೆ ಸಿಸ್ಟರ್ ಮೇರಿಯನ್ನು ದೇವರ ಸೇವಕಿಯೆಂದು ಕರೆಯಿತು. ಲ್ಯಾಬ್, ಎಕ್ಸ್‌ರೇ, ಫಿಸಿಯೋಥೆರಪಿಯಂಥ ವೃತ್ತಿಗಳವರಿಗೆ ತಮ್ಮದೇ ರಾಷ್ಟ್ರೀಯ ಆಯೋಗವನ್ನು ಕೊಡುವ ಕಾಯಿದೆ ನಮ್ಮ ದೇಶದಲ್ಲಿ ಬಂದದ್ದು 2021ರಲ್ಲಿ. ಗುಂಟೂರಿನಲ್ಲಿ ಸಿಸ್ಟರ್ ಮೇರಿಯಿಂದ ತೂಗುವುದನ್ನೂ ಅಳೆಯುವುದನ್ನೂ ಕಲಿತ ಆ ಹೆಣ್ಣುಮಕ್ಕಳ ಕಾಲ ಮುಗಿದು ಅಷ್ಟರಲ್ಲಿ ಎಷ್ಟೋ ದಶಕಗಳಾಗಿದ್ದವು.